ಕತ್ತಿನ ಕಪ್ಪು ಕೊಳೆಯಲ್ಲ

ಕಳೆದ ದೀಪಾವಳಿಯಲ್ಲಿ ನೀರು ತುಂಬುವ ಹಬ್ಬದ ಮರುದಿನ ಬೆಳಿಗ್ಗೆ, ಹೊಸಪೇಟೆಯ ಅಕ್ಕನ ಮನೆಯ ಬಚ್ಚಲಿನಿಂದ ಹುಡುಗ ಅಳುವ ಸದ್ದು ಕೇಳಿ ಎದ್ದೆ. ಅಕ್ಕ ಮಗನಿಗೆ ಎಣ್ಣೆನೀರು ಹಾಕುತ್ತಿದ್ದಳು. ತಲೆ, ಬೆನ್ನು, ಕಾಲು ಎಲ್ಲ ಮುಗಿದಿತ್ತು. ಕತ್ತಿನ ಹಿಂಭಾಗದಲ್ಲಿ ಮಾತ್ರ ಅವಳ ಕೈ ನಿಂತುಬಿಟ್ಟಿತ್ತು. ಕಡಲೆಹಿಟ್ಟಾಯಿತು, ಸೀಗೆಪುಡಿಯಾಯಿತು, ಕೊನೆಗೆ ತೆಂಗಿನ ನಾರು. "ಮಮ್ಮಿ, ಉರಿತೈತಿ, ಬಿಡು" ಎಂದು ಅವನು ಅಳುತ್ತಿದ್ದ. "ಸುಮ್ನಿರು. ಮೂರು ತಿಂಗಳಾತು, ಎಷ್ಟ್ ತಿಕ್ಕಿದ್ರೂ ಈ ಕೊಳಿ ಹೋಗವಲ್ದು. ಸಾಲ್ಯಾಗ ಮಿಸ್ಸು ನನಗ ಬೈತಾರ" ಎಂದು ಇವಳು.

ಹಬ್ಬ ಮುಗಿದ ಮೇಲೆ ಯಾವುದೋ ಜ್ವರಕ್ಕೆಂದು ಮಕ್ಕಳ ಡಾಕ್ಟರ ಬಳಿ ಹೋದಾಗ ಅವರು ಜ್ವರಕ್ಕಿಂತ ಮೊದಲು ನೋಡಿದ್ದು ಆ ಕತ್ತನ್ನು. ಅದು ಕೊಳೆಯಲ್ಲ ಎಂದರು. ಒಳಗೆ ಇನ್ಸುಲಿನ್ ಎಷ್ಟು ಸುರಿದರೂ ಮೈ ಅದರ ಮಾತು ಕೇಳದೇ ಹೋದಾಗ ಕತ್ತಿನ, ಕಂಕುಳಿನ ಚರ್ಮ ಹೀಗೆ ದಪ್ಪಗಾಗಿ ಕಪ್ಪಾಗುತ್ತದಂತೆ. ರಕ್ತ ಪರೀಕ್ಷೆ ಆಯಿತು. ಸಕ್ಕರೆ ಕಾಯಿಲೆ ಇನ್ನೂ ಬಂದಿಲ್ಲ, ಹೊಸ್ತಿಲ ಮೇಲೆ ನಿಂತಿದೆ. ಆಟೋದಲ್ಲಿ ಕೂತು ಮನೆಗೆ ಬರುವಾಗ ಅಕ್ಕ ಸಕ್ಕರೆ ಕಾಯಿಲೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. "ಹುಡುಗನ ಚರ್ಮ ಕಿತ್ತಿಬಿಟ್ಟಿದ್ನಲ್ಲೇ" ಎಂದಷ್ಟೇ ಅಂದು ಹೊರಗೆ ನೋಡುತ್ತ ಕೂತಳು.

ಈ ಸಂಗತಿಯನ್ನು ಹಂಪಿಯ ನಮ್ಮ ವಿದ್ಯಾರಣ್ಯ ಕ್ಯಾಂಪಸ್ಸಿನಲ್ಲಿ ಚಹ ಕುಡಿಯುವಾಗ ಸಹ ಸಂಶೋಧಕರೊಬ್ಬರಿಗೆ ಹೇಳಿದೆ. ನನಗಿಂತ ಹೆಚ್ಚು ಓದಿಕೊಂಡವರು, ಹಳ್ಳಿಗಳಲ್ಲಿ ಓಡಾಡಿದವರು. ಅವರು ಮರುಕದಿಂದಲೇ ಕೇಳಿದರು, ಆದರೆ ಕೊನೆಗೆ ಹೀಗೆಂದರು: "ಪಾಪ, ಹುಡುಗನಿಗೆ ಆಗಬಾರದಿತ್ತು. ಆದರೆ ಇದನ್ನ ಬರಹ ಮಾಡಬೇಡಿ ಮೇಡಂ. ಹಸಿವಿನ ಸೀಮೆಯಲ್ಲಿ ಕೂತು ಬೊಜ್ಜಿನ ಬಗ್ಗೆ ಬರೆದರೆ ಬೆಂಗಳೂರಿನ ಅಪಾರ್ಟ್‌ಮೆಂಟಿನವರ ಚಿಂತೆಯನ್ನ ನಾವು ಹೊತ್ತಂಗಾಗುತ್ತೆ." ಆ ಮಾತಿಗೇ ಈ ಉತ್ತರ. ಅಂಥ ಮಾತನ್ನು ಅವರೊಬ್ಬರೇ ಆಡುವುದಿಲ್ಲ. ಎರಡು ವರ್ಷದ ಹಿಂದೆ ನಾನೂ ಆಡುತ್ತಿದ್ದೆ.

ಅವರ ಬಳಿ ಅಂಕಿಗಳಿವೆ, ಅವು ಸುಳ್ಳಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು ಶೇ. 35.4, ತೂಕವಿಲ್ಲದವರು ಶೇ. 32.9. ತೂಕ ಹೆಚ್ಚಿರುವವರು ಶೇ. 3.2 ಮಾತ್ರ. ಮೂವತ್ತೈದರ ಮುಂದೆ ಮೂರು ಯಾವ ಲೆಕ್ಕ? ಇಲ್ಲಿಗೆ ಬಿಟ್ಟರೆ ವಾದ ಗೆದ್ದಂತೆಯೇ. ಆದರೆ ಅಂಗನವಾಡಿಯ ವಯಸ್ಸು ದಾಟಿ ಶಾಲೆಯ ವಯಸ್ಸಿಗೆ ಬನ್ನಿ. 2016–18ರಲ್ಲಿ ದೇಶದಾದ್ಯಂತ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಮಕ್ಕಳನ್ನು ತೂಗಿದ್ದಷ್ಟೇ ಅಲ್ಲದೆ ರಕ್ತವನ್ನೂ ಪರೀಕ್ಷಿಸಿತ್ತು. ಹತ್ತರಿಂದ ಹತ್ತೊಂಬತ್ತರ ವಯಸ್ಸಿನವರಲ್ಲಿ ತೂಕ ಹೆಚ್ಚಿದ್ದವರು ನೂರಕ್ಕೆ 5. ಸಕ್ಕರೆ ಕಾಯಿಲೆಯ ಹೊಸ್ತಿಲಲ್ಲಿದ್ದವರು ನೂರಕ್ಕೆ 10. ತೂಕ ಹೆಚ್ಚಿದವರೆಲ್ಲರನ್ನೂ ಆ ಹತ್ತರೊಳಗೆ ಸೇರಿಸಿದರೂ ಇನ್ನೂ ಐದು ಮಕ್ಕಳು ಉಳಿಯುತ್ತಾರೆ. ಅವರು ಯಾರು? ನೋಡಲಿಕ್ಕೆ ಡುಮ್ಮ ಅಲ್ಲದವರು, ತಕ್ಕಡಿಗೆ ಸಿಕ್ಕದವರು, ಹಸಿದವರ ಪಟ್ಟಿಯಲ್ಲೇ ಇರಬಹುದಾದವರು.

ನನ್ನ ಗೆಳೆಯರಿಗೆ ನಾನು ತೋರಿಸಬೇಕೆಂದಿರುವುದು ಈ ಐವರನ್ನು. ಹಸಿವು ಒಂದು ಊರಿನದು, ಬೊಜ್ಜು ಇನ್ನೊಂದು ಊರಿನದು ಎಂಬ ಗೆರೆ ನಮ್ಮ ತಲೆಯಲ್ಲಿದೆ, ಮಕ್ಕಳ ಮೈಯಲ್ಲಿ ಇಲ್ಲ. ಪುಣೆಯ ಕೆಇಎಂ ಆಸ್ಪತ್ರೆಯ ಡಾ. ಸಿ.ಎಸ್. ಯಾಜ್ಞಿಕ್ ಮತ್ತು ಸಂಗಡಿಗರು ಅಲ್ಲಿನ ಹಳ್ಳಿಗಳ ಕೂಸುಗಳನ್ನು ಇಂಗ್ಲೆಂಡಿನ ಕೂಸುಗಳ ಜೊತೆ ಹೋಲಿಸಿ ನೋಡಿದ್ದರು. ನಮ್ಮವು ಸರಾಸರಿ 2.7 ಕಿಲೋ, ಅಲ್ಲಿಯವು 3.5. ಕಡಿಮೆಯಾದದ್ದು ಮಾಂಸಖಂಡ, ಒಳಗಿನ ಅಂಗಾಂಗ. ಚರ್ಮದಡಿಯ ಕೊಬ್ಬು ಮಾತ್ರ ಅಷ್ಟು ಕಡಿಮೆಯಾಗಿರಲಿಲ್ಲ. ತೆಳ್ಳಗಿದ್ದೂ ಕೊಬ್ಬಿರುವ ಕೂಸು! ನಮ್ಮ ಮೈಸೂರಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ 1934ರಿಂದ ಜೋಪಾನವಾಗಿ ಬರೆದಿಟ್ಟ ಹೆರಿಗೆಯ ದಾಖಲೆಗಳಿದ್ದವು. ಅವನ್ನು ಹಿಡಿದು, ಆಗ ಹುಟ್ಟಿ ಈಗ ವಯಸ್ಸಾದವರನ್ನು ಹುಡುಕಿ ಪರೀಕ್ಷಿಸಿದಾಗ, ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಹೃದಯದ ಕಾಯಿಲೆ ಹೆಚ್ಚಾಗಿ ಕಂಡಿತು. ತಾಯಿಯ ಹೊಟ್ಟೆಯಲ್ಲಿ ಉಪವಾಸವಿದ್ದ ಮೈ, ಸಿಕ್ಕಿದ್ದನ್ನು ಕೂಡಿಡುವುದನ್ನು ಅಲ್ಲಿಯೇ ಕಲಿತುಬಿಡುತ್ತದೆ. ಆಮೇಲೆ ಅದರ ಮುಂದೆ ಅಗ್ಗದ ಸಕ್ಕರೆ, ಮೈದಾ, ಎಣ್ಣೆ ಇಟ್ಟರೆ ಕೂಡಿಡುತ್ತಲೇ ಹೋಗುತ್ತದೆ.

ನನ್ನ ಅಕ್ಕನನ್ನೇ ತೆಗೆದುಕೊಳ್ಳಿ. ನಮ್ಮದು ಕಂಪ್ಲಿ. ಅವ್ವ, ಅಪ್ಪ ಇಬ್ಬರೂ ನಾಟಿ ಹಚ್ಚಿ, ಕಬ್ಬು ಕಡಿದು ಬದುಕಿದವರು. ಗದ್ದೆ ನಮ್ಮದಲ್ಲ. ಅಕ್ಕ ಬಸುರಿಯಾದಾಗ ಅವಳ ರಕ್ತ ಎಷ್ಟು ಕಡಿಮೆ ಇತ್ತೆಂದರೆ ಪ್ರತಿ ತಪಾಸಣೆಗೆ ಹೋದಾಗಲೂ ಬೈಸಿಕೊಂಡು ಬರುತ್ತಿದ್ದಳು. ಮಗು ಹುಟ್ಟಿದಾಗ ಎರಡು ಕಿಲೋ ಚಿಲ್ಲರೆ. ಅದನ್ನು ಅರಳೆಯಲ್ಲಿ ಸುತ್ತಿಟ್ಟು ಅವ್ವ ರಾತ್ರಿಯೆಲ್ಲ ಎದೆಗವಚಿ ಕೂತಿರುತ್ತಿದ್ದಳು. ಅದು ಗುಂಡಗುಂಡಗೆ ಆಗತೊಡಗಿದಾಗ ನಮ್ಮ ಮನೆಯಲ್ಲಿ ಎಂಥ ಸಂಭ್ರಮ! ದೃಷ್ಟಿಯಾದೀತೆಂದು ಕೆನ್ನೆಗೆ, ಅಂಗಾಲಿಗೆ ಕಾಡಿಗೆಯ ಬೊಟ್ಟು. ಮೂರು ತಲೆಮಾರಿನಲ್ಲಿ ಮೊದಲ ಬಾರಿಗೆ ನಮ್ಮ ಮನೆಯಲ್ಲೊಂದು ಮಗುವಿನ ಕೈಯಲ್ಲಿ ಮಡಿಕೆ ಬಿದ್ದಿತ್ತು. ಆ ಮಡಿಕೆ ನಮ್ಮ ಪಾಲಿಗೆ ಬಡತನ ಬಿಟ್ಟುಹೋದ ಗುರುತಾಗಿತ್ತು. ಇದು ಗೊತ್ತಿಲ್ಲದೆ "ತಾಯಂದಿರಿಗೆ ತಿಳಿವಳಿಕೆ ಇಲ್ಲ" ಎಂದು ಭಾಷಣ ಮಾಡುವವರು ಒಮ್ಮೆ ನಮ್ಮ ಕೇರಿಗೆ ಬರಬೇಕು.

ಭಾವ ಸಂಡೂರಿನ ಕಡೆ ಅದಿರು ಸಾಗಿಸುವ ಟಿಪ್ಪರ್ ಓಡಿಸುತ್ತಾನೆ. ಅಕ್ಕ ಮನೆಯಲ್ಲೇ ರವಿಕೆ ಹೊಲಿಯುತ್ತಾಳೆ. ಇಬ್ಬರೂ ದುಡಿದು ಮಾಡಿದ ಒಂದೇ ದೊಡ್ಡ ಖರ್ಚು ಮಗನ ಇಂಗ್ಲಿಷ್ ಮೀಡಿಯಂ ಶಾಲೆ. ಶಾಲೆಯ ಹೆಸರು ಬೇಡ, ಅಂಥವು ಬೀದಿಗೊಂದಿವೆ. ಮೂರಂತಸ್ತಿನ ಕಟ್ಟಡ, ಕೆಳಗೆ ವ್ಯಾನು ನಿಲ್ಲುವಷ್ಟು ಜಾಗ, ಗೋಡೆಯ ಮೇಲೆ ಫುಟ್‌ಬಾಲ್ ಒದೆಯುವ ಹುಡುಗನ ಬಣ್ಣದ ಚಿತ್ರ. ಫುಟ್‌ಬಾಲ್ ಇರುವುದು ಆ ಗೋಡೆಯ ಮೇಲೆ ಮಾತ್ರ. ಬೆಳಿಗ್ಗೆ ಎಂಟಕ್ಕೆ ವ್ಯಾನು, ಸಂಜೆ ನಾಲ್ಕೂವರೆಗೆ ವ್ಯಾನು, ಐದಕ್ಕೆ ಟ್ಯೂಷನ್, ಭಾನುವಾರ ನವೋದಯ ಪರೀಕ್ಷೆಯ ಕೋಚಿಂಗ್. ದಿನಕ್ಕೆ ಎಷ್ಟು ಹೆಜ್ಜೆ ನಡೆಯುತ್ತಾನೆಂದು ನಾನೊಮ್ಮೆ ಅವನ ಹಿಂದೆಯೇ ಹೋಗಿ ನೋಡಿದೆ. ಮನೆಯಿಂದ ವ್ಯಾನಿಗೆ, ವ್ಯಾನಿನಿಂದ ಬೆಂಚಿಗೆ. ನಡಿಗೆ ಅಂತ ಇದ್ದದ್ದು ಮೆಟ್ಟಿಲು ಹತ್ತುವಾಗ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿಯಲ್ಲಿ ಶಾಲೆಗೆ ಆಟದ ಮೈದಾನ ಇರಲೇಬೇಕು ಎಂದಿದೆ. ಆ ಸಾಲನ್ನು ಓದಿದ ಮೇಲೂ ಇಂಥ ಕಟ್ಟಡಗಳಿಗೆ ಮಾನ್ಯತೆಯ ಮೊಹರು ಒತ್ತುವವರು ಯಾರೋ ಇದ್ದಾರೆ.

ಅದೇ ರಸ್ತೆಯ ಕೊನೆಯಲ್ಲಿ ಸರ್ಕಾರಿ ಶಾಲೆ ಇದೆ. ಅಲ್ಲಿ ಬೇವಿನ ಮರ, ಬಯಲು, ಮಧ್ಯಾಹ್ನ ಬಿಸಿಯೂಟ. 2001ರ ನವೆಂಬರ್ 28ರಂದು ಸುಪ್ರೀಂ ಕೋರ್ಟ್ ಸರ್ಕಾರಿ ಮತ್ತು ಅನುದಾನಿತ ಶಾಲೆಯ ಮಕ್ಕಳಿಗೆ ಬೇಯಿಸಿದ ಊಟ ಕೊಡಲೇಬೇಕೆಂದು ಆದೇಶಿಸಿತು. 2002ರಲ್ಲಿ ಅಕ್ಷರ ದಾಸೋಹ ಶುರುವಾದದ್ದು ನಮ್ಮ ಬಳ್ಳಾರಿಯೂ ಸೇರಿದ ಈಶಾನ್ಯದ ಜಿಲ್ಲೆಗಳಲ್ಲೇ. 2013ರಲ್ಲಿ ಹಾಲು ಬಂತು. 2021ರ ಡಿಸೆಂಬರಿನಲ್ಲಿ ತತ್ತಿ ಬಂದಾಗ ಎಷ್ಟು ಕೂಗಾಟವಾಯಿತೆಂದು ನಿಮಗೆಲ್ಲ ನೆನಪಿದೆ. ಹೊಳೆಯಾಚೆಯ ಗಂಗಾವತಿಯ ಹುಡುಗಿಯೊಬ್ಬಳು ಮೈಕಿನ ಮುಂದೆ ನಿಂತು ಮಠಾಧೀಶರಿಗೇ ಉತ್ತರ ಕೊಟ್ಟಿದ್ದಳು. 2024ರಲ್ಲಿ ರಾಗಿ ಮಾಲ್ಟ್ ಸೇರಿತು. ಅದೇ ವರ್ಷ ಅಜೀಂ ಪ್ರೇಮ್‌ಜಿ ಫೌಂಡೇಶನ್ ಮೂರು ವರ್ಷಕ್ಕೆ ಸುಮಾರು 1,500 ಕೋಟಿ ರೂಪಾಯಿ ಕೊಡಲು ಒಪ್ಪಿ, ವಾರಕ್ಕೆ ಎರಡು ದಿನವಿದ್ದ ತತ್ತಿ ಆರು ದಿನಕ್ಕೆ ಏರಿತು. ಬೇಳೆ, ತರಕಾರಿ, ಹಾಲು, ತತ್ತಿ, ರಾಗಿ, ಬಯಲು. ಬೊಜ್ಜನ್ನು ತಡೆಯಲು ಯಾವ ದೊಡ್ಡ ಆಸ್ಪತ್ರೆಯ ಆಹಾರ ತಜ್ಞರನ್ನು ಕೇಳಿದರೂ ಹೆಚ್ಚೂಕಮ್ಮಿ ಇದನ್ನೇ ಬರೆದುಕೊಡುತ್ತಾರೆ, ಐನೂರು ರೂಪಾಯಿ ಫೀಸು ತೆಗೆದುಕೊಂಡು.

ವಿಚಿತ್ರ ನೋಡಿ. ಹಸಿವಿನಿಂದ ಒಂದೇ ಒಂದು ಮೆಟ್ಟಿಲು ಮೇಲೆ ಹತ್ತಿದ ಕುಟುಂಬ, ಆ ಮೆಟ್ಟಿಲು ಹತ್ತಿದ ತಪ್ಪಿಗೇ ಈ ಊಟವನ್ನೂ ಬಯಲನ್ನೂ ಕಳೆದುಕೊಳ್ಳುತ್ತದೆ. ಸಾಲ ಮಾಡಿ ಫೀಸು ಕಟ್ಟುವ ಟಿಪ್ಪರ್ ಚಾಲಕನ ಮಗನ ಡಬ್ಬಿಯಲ್ಲಿ ಏನಿದೆ? ಬೆಳಿಗ್ಗೆ ಏಳಕ್ಕೆ ಅಕ್ಕ ಕಟ್ಟಿಕೊಟ್ಟ ಚಿತ್ರಾನ್ನ, ಅದು ಒಂದು ಗಂಟೆಗೆ ತಣ್ಣಗಾಗಿ ಅರ್ಧ ವಾಪಸ್ಸು. ಹಸಿವಿಗೆ ಬಿಡುವಿನಲ್ಲಿ ಕೆನೆ ಬಿಸ್ಕತ್ತು, ಮಾವಿನ ಹಣ್ಣಿನ ಚಿತ್ರವಿರುವ ಪೊಟ್ಟಣದ ರಸ, ಗೇಟಿನಾಚೆ ಐದು ರೂಪಾಯಿಯ ಖಾರದ ಪಾಕೀಟು. ಬೆಂಗಳೂರಿನ ಅಪಾರ್ಟ್‌ಮೆಂಟಿನ ಮಗುವಿಗೆ ಈಜುಕೊಳವಿದೆ, ಟೆನಿಸ್ ಕೋಚ್ ಇದ್ದಾರೆ, ಸಕ್ಕರೆಯಿಲ್ಲದ ಬಾದಾಮಿ ಬಾರ್ ಇದೆ. ಅದು ದಪ್ಪಗಾದರೂ ತೆಳ್ಳಗಾಗುವ ದಾರಿ ಅಪ್ಪನ ಜೇಬಿನಲ್ಲಿದೆ. ನನ್ನ ಅಕ್ಕನ ಮಗನಿಗೆ ಆ ದಾರಿ ಇಲ್ಲ. ಹಾಗಾಗಿ ನನ್ನ ಗೆಳೆಯರೇ, ಇದು ನಮ್ಮ ಚಿಂತೆ.

ಇನ್ನು ಆ ಐದು ರೂಪಾಯಿಯ ಪಾಕೀಟಿನ ವಿಚಾರ. ಶಾಲೆಯ ಗೇಟಿನಿಂದ ಮೊದಲ ಅಂಗಡಿಗೆ ನನ್ನ ಹೆಜ್ಜೆಯಲ್ಲಿ ಹದಿನಾಲ್ಕು. ಅಂಗಡಿಯವಳು ವಿಧವೆ, ನಮ್ಮವ್ವನ ವಯಸ್ಸು. ತಗಡಿನ ಮಾಡಿಗೆ ಜೋತುಬಿದ್ದ ಬಣ್ಣಬಣ್ಣದ ಪಾಕೀಟಿನ ಸರಗಳ ಹಿಂದೆ ಅವಳ ಮುಖವೇ ಕಾಣುವುದಿಲ್ಲ. ಮೊದಲು ಬೇಯಿಸಿದ ಶೇಂಗಾ, ಬೋರೆಹಣ್ಣು, ಪೇರಲಕಾಯಿ ಮಾರುತ್ತಿದ್ದಳಂತೆ. ಈಗ ಕಂಪನಿಯ ವ್ಯಾನು ವಾರಕ್ಕೆರಡು ಸಲ ಬಾಗಿಲಿಗೇ ಬರುತ್ತದೆ, ಮಾರಾಟವಾಗದ್ದನ್ನು ವಾಪಸ್ಸು ಒಯ್ಯುತ್ತದೆ, ಸರ ತೂಗುಹಾಕಲು ಕೊಕ್ಕೆಯನ್ನೂ ಕೊಟ್ಟಿದೆ. "ಪ್ಯಾರಲಕಾಯಿ ಕೊಳತ್ರ ಯಾರ್ ತಗಂತಾರವ್ವಾ?" ಎಂದು ಅವಳು ಕೇಳಿದ್ದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಸಂಡೂರಿನ ಗುಡ್ಡದ ಕೆಲವು ತಾಂಡಾಗಳಿಗೆ ಕ್ಷೇತ್ರಕಾರ್ಯಕ್ಕೆಂದು ಹೋದಾಗಲೂ ನೋಡಿದ್ದೇನೆ. ಬಸ್ಸು ದಿನಕ್ಕೆರಡು ಬರುವ ಕಡೆ, ಸೊಪ್ಪು ತರಕಾರಿ ಸಂತೆಯ ದಿನ ಮಾತ್ರ ಸಿಗುವ ಕಡೆ, ಆ ಸರಗಳು ಮಾತ್ರ ತಪ್ಪದೆ ತೂಗುತ್ತಿರುತ್ತವೆ, ಮೇಲೆ ಒಂದು ಪದರ ಕೆಂಪು ಧೂಳು ಕೂತು.

ಶಾಲೆಯ ಆವರಣದಲ್ಲಿ, ಗೇಟಿನಿಂದ 50 ಮೀಟರ್ ಒಳಗೆ, ಕೊಬ್ಬು–ಸಕ್ಕರೆ–ಉಪ್ಪು ಮಿತಿಮೀರಿದ ತಿನಿಸನ್ನು ಮಾರಬಾರದು, ಅದರ ಜಾಹೀರಾತನ್ನೂ ಹಾಕಬಾರದು ಎಂಬ ನಿಯಮ ಈ ದೇಶದಲ್ಲಿದೆ. ಆಹಾರ ಸುರಕ್ಷತಾ ಪ್ರಾಧಿಕಾರವೇ 2020ರಲ್ಲಿ ಹೊರಡಿಸಿದ್ದು, 2021ರ ಜುಲೈನಿಂದ ಜಾರಿಯಲ್ಲಿರುವುದು. ನಿಮ್ಮೂರಿನ ಯಾವುದಾದರೂ ಶಾಲೆಯ ಮುಂದೆ ಅದರ ಫಲಕ ಕಂಡಿದ್ದೀರಾ? ನಾನು ಹೊಸಪೇಟೆ, ಕಮಲಾಪುರ, ಕಂಪ್ಲಿ ತಿರುಗಿದೆ, ನನಗೆ ಕಂಡಿಲ್ಲ.

ನಮ್ಮ ಸೀಮೆಯವರಿಗೆ ಮೀಟರಿನ ಲೆಕ್ಕ ಹೊಸತಲ್ಲ. ಸಂರಕ್ಷಿತ ಸ್ಮಾರಕದ ಸುತ್ತ 100 ಮೀಟರ್ ಏನನ್ನೂ ಕಟ್ಟುವಂತಿಲ್ಲ, ಆಚೆ ಇನ್ನೂ 200 ಮೀಟರ್ ಅನುಮತಿ ಬೇಕು. ಹಂಪಿಯಲ್ಲಿ ಒಂದು ಕಕ್ಕಸು ಕಟ್ಟಲು ಹೋದವರಿಗೂ ಇದು ಬಾಯಿಪಾಠ. 2011ರ ಜುಲೈನಲ್ಲಿ ವಿರೂಪಾಕ್ಷ ಗುಡಿಯ ಮುಂದಿನ ಬಜಾರಿನ ಸಾಲು ಮಂಟಪಗಳಲ್ಲಿ ಬದುಕುತ್ತಿದ್ದ ಕುಟುಂಬಗಳ ಮನೆ, ಅಂಗಡಿಗಳನ್ನು ಜೆಸಿಬಿ ತಂದು ಕೆಡವಿದರು. ಕಲ್ಲಿನ ಕಂಬಕ್ಕೆ ಅಪಾಯವೆಂದು ಅಷ್ಟು ಮಾಡಬಲ್ಲ ಆಡಳಿತ, ಮಗುವಿನ ಮೇದೋಜೀರಕಕ್ಕೆ ಅಪಾಯವೆಂದರೆ ಒಂದು ಬೋರ್ಡು ನೆಡಲಾರದು. ತಪ್ಪು ತಿಳಿಯಬೇಡಿ, ಆ ವಿಧವೆಯ ಗೂಡಂಗಡಿಗೆ ಜೆಸಿಬಿ ಬರಲಿ ಎಂದು ನಾನು ಹೇಳುತ್ತಿಲ್ಲ. ಬಂದರೆ ಅಡ್ಡ ಮಲಗುವವರಲ್ಲಿ ನಾನೂ ಇರುತ್ತೇನೆ. 50 ಮೀಟರಿನೊಳಗೆ ಸರಕು ಇಳಿಸಿದ ಕಂಪನಿಯ ವ್ಯಾನಿಗೆ ದಂಡ ಹಾಕಿ. ಆ ಅಜ್ಜಿಗೆ ಶೇಂಗಾ ಉಂಡೆ, ಬಾಳೆಹಣ್ಣು ತಂದು ಇಳಿಸುವ ಇನ್ನೊಂದು ವ್ಯಾನು ಹೊರಡಿಸಿ. ಹಂಪಿ–ಕಮಲಾಪುರದ ದಾರಿಯ ಎರಡೂ ಬದಿ ಬಾಳೆತೋಟ. ಆ ತೋಟದ ಬೇಲಿಯ ಪಕ್ಕದಲ್ಲೇ ಇರುವ ಅಂಗಡಿಯಲ್ಲಿ ಬಾಳೆಹಣ್ಣು ಸಿಗದೆ, ಎಲ್ಲಿಯೋ ಕರಿದ ಪಾಕೀಟು ಸಿಗುತ್ತದೆಂದರೆ ಅದು ಅಜ್ಜಿಯ ತಪ್ಪಲ್ಲ, ಮಗುವಿನ ನಾಲಿಗೆಯ ತಪ್ಪೂ ಅಲ್ಲ.

ಕೇಂದ್ರ ಸರ್ಕಾರ ಏನು ಮಾಡಿತು? 2025ರ ಸೆಪ್ಟೆಂಬರ್ 22ರಿಂದ ಬಿಸ್ಕತ್ತು, ಚಾಕೊಲೇಟು, ಐಸ್‌ಕ್ರೀಮಿನ ಮೇಲಿದ್ದ ಜಿಎಸ್‌ಟಿಯನ್ನು ಶೇ. 18ರಿಂದ 5ಕ್ಕೆ ಇಳಿಸಿತು. ಪಾಕೀಟಿನ ಖಾರದ ತಿನಿಸು 12ರಿಂದ 5ಕ್ಕೆ. ಬುರುಗು ಬರುವ ತಂಪು ಪಾನೀಯದ ಮೇಲೆ ಶೇ. 40 ಉಳಿಸಿದ್ದು ನಿಜ, ಆದರೆ ಬುರುಗಿಲ್ಲದ ಹಣ್ಣಿನ ರಸದ ಪೊಟ್ಟಣ 5ಕ್ಕೆ ಬಂತು. ಹಬ್ಬದ ಉಡುಗೊರೆ ಎಂದು ಪತ್ರಿಕೆಗಳು ಬರೆದವು. ಅದೇ ವರ್ಷದ ಫೆಬ್ರವರಿಯಲ್ಲಿ ಪ್ರಧಾನಿಯವರು ರೇಡಿಯೋದಲ್ಲಿ ಬೊಜ್ಜಿನ ಬಗ್ಗೆ ಮಾತಾಡಿ, ಮನೆಯ ಅಡುಗೆಯಲ್ಲಿ ಎಣ್ಣೆಯನ್ನು ಶೇ. 10ರಷ್ಟು ಕಡಿಮೆ ಮಾಡಿ ಎಂದು ಕರೆ ಕೊಟ್ಟಿದ್ದರು. ಉಪದೇಶ ಅಕ್ಕನ ಒಗ್ಗರಣೆ ಸೌಟಿಗೆ, ರಿಯಾಯಿತಿ ಕಾರ್ಖಾನೆಯ ಬಾಣಲೆಗೆ. ರಾಜ್ಯ ಸರ್ಕಾರವೂ ಕಮ್ಮಿಯಿಲ್ಲ. 2024ರ ಮಾರ್ಚಿನಲ್ಲಿ ಗೋಬಿ ಮಂಚೂರಿಗೂ ಬೊಂಬಾಯಿ ಮಿಠಾಯಿಗೂ ಹಾಕುತ್ತಿದ್ದ ಕೃತಕ ಬಣ್ಣವನ್ನು ನಿಷೇಧಿಸಿತು. ಒಳ್ಳೆಯದೇ. ತಳ್ಳುಗಾಡಿಯವನ ಮೇಲೆ ದಾಳಿ ಮಾಡುವುದು ಸುಲಭ. ಕಾನೂನು ಹಿಡಿದು ದೊಡ್ಡ ಗೋದಾಮಿನ ಬಾಗಿಲು ತಟ್ಟಿದ ಸುದ್ದಿ ಮಾತ್ರ ನಮ್ಮ ಕಡೆಯ ಪುಟಗಳಲ್ಲಿ ನಾನು ಓದಲಿಲ್ಲ.

ಪಾಕೀಟಿನ ಬೆನ್ನಿನ ಬಗ್ಗೆ ಒಂದು ಮಾತು, ಕನ್ನಡದ ಓದುಗರಿಗೆಂದೇ. ಅಕ್ಕ ಏಳನೇ ತರಗತಿಯವರೆಗೆ ಓದಿದ್ದಾಳೆ, ದಿನಪತ್ರಿಕೆ ಓದುತ್ತಾಳೆ, ನನ್ನ ಲೇಖನಗಳನ್ನು ಓದಿ ತಪ್ಪು ಹುಡುಕುತ್ತಾಳೆ. ಡಾಕ್ಟರು "ಸಕ್ಕರೆ ಎಷ್ಟಿದೆ ಅಂತ ಓದಿ ಕೊಡಿಸಿ" ಎಂದದ್ದಕ್ಕೆ ಅವಳು ಮನೆಯಲ್ಲಿದ್ದ ಪೊಟ್ಟಣವನ್ನೆಲ್ಲ ತಿರುಗಿಸಿ ನೋಡಿದಳು. ಇರುವೆಯ ಕಾಲಿನಂಥ ಇಂಗ್ಲಿಷ್ ಅಕ್ಷರ. ಆಹಾರದ ಪೊಟ್ಟಣದ ಮೇಲಿನ ವಿವರ ಇಂಗ್ಲಿಷ್ ಅಥವಾ ದೇವನಾಗರಿ ಹಿಂದಿಯಲ್ಲಿದ್ದರೆ ಸಾಕು ಎನ್ನುತ್ತದೆ ನಿಯಮ. ಬೇರೆ ಭಾಷೆ ಕಂಪನಿಯ ಇಷ್ಟ. ಅಂಗಡಿಯ ಬೋರ್ಡಿನಲ್ಲಿ ಶೇ. 60 ಕನ್ನಡ ಬೇಕೆಂದು ನಾವು ಬೀದಿಗಿಳಿದೆವು, 2024ರಲ್ಲಿ ಕಾನೂನೂ ಆಯಿತು. ಬೋರ್ಡಿನಡಿ ತೂಗುವ ಪಾಕೀಟಿನ ಬೆನ್ನಲ್ಲಿ ಮಗುವಿನ ಹೊಟ್ಟೆಗೆ ಹೋಗುವುದೇನೆಂದು ಕನ್ನಡದಲ್ಲಿ ಬರೆಯಿರಿ ಎಂದು ಯಾವ ರಾಜ್ಯೋತ್ಸವದ ವೇದಿಕೆಯೂ ಕೇಳಲಿಲ್ಲ.

ಅಕ್ಷರವೇ ಬೇಡ ಎನ್ನುವ ದಾರಿಯೂ ಇದೆ. ದಕ್ಷಿಣ ಅಮೆರಿಕದ ಚಿಲಿ ದೇಶ 2016ರಲ್ಲಿ ಮಿತಿಮೀರಿದ ತಿನಿಸಿನ ಪೊಟ್ಟಣದ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ ಹಾಕಿಸಿತು. ಅಂಥ ಪೊಟ್ಟಣದ ಮೇಲೆ ಮಕ್ಕಳನ್ನು ಕರೆಯುವ ಕಾರ್ಟೂನು ಇರಬಾರದು, ಶಾಲೆಯಲ್ಲಿ ಮಾರಬಾರದು ಎಂದಿತು. ಮುದ್ರೆ ಬಿದ್ದ ಪಾನೀಯಗಳ ಖರೀದಿ ಹೆಚ್ಚೂಕಮ್ಮಿ ಕಾಲು ಭಾಗ ಇಳಿಯಿತು. ನಮ್ಮಲ್ಲಿ 2022ರಲ್ಲಿ ಬಂದ ಕರಡು ಏನೆನ್ನುತ್ತದೆ ಗೊತ್ತೇ? ನಕ್ಷತ್ರ ಕೊಡೋಣ ಎನ್ನುತ್ತದೆ! ಕೆಟ್ಟ ತಿನಿಸಿಗೆ ಕಡಿಮೆ ನಕ್ಷತ್ರ. ಕಡಿಮೆಯಾದರೇನು, ನಕ್ಷತ್ರ ನಕ್ಷತ್ರವೇ ಅಲ್ಲವೇ ಮಗುವಿಗೆ? 2025ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟ್ ಇದನ್ನು ಮೂರು ತಿಂಗಳಲ್ಲಿ ಮುಗಿಸಿ ಎಂದಿತು. ಆ ಮೂರು ತಿಂಗಳು ಮತ್ತೆ ಉದ್ದವಾದವು.

"ಎಲ್ಲವನ್ನೂ ಸರ್ಕಾರದ ತಲೆಗೆ ಕಟ್ಟಿದರೆ ಹೇಗೆ, ಒಳ್ಳೆಯ ಅಭ್ಯಾಸ ಅಂತ ಇರುತ್ತದಲ್ಲ?" ಎಂದು ನೀವು ಕೇಳಬಹುದು. ಇರುತ್ತದೆ. ಹಂಪಿಯಲ್ಲಿ ಕೂತು ಅದನ್ನು ಇಲ್ಲ ಎನ್ನಲಾರೆ. 1520ರ ಆಸುಪಾಸಿನಲ್ಲಿ ಇಲ್ಲಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ದೊಮಿಂಗೊ ಪಾಯೆಸ್ ಕೃಷ್ಣದೇವರಾಯನ ದಿನಚರಿಯನ್ನು ಬರೆದಿಟ್ಟಿದ್ದಾನೆ. ದೊರೆ ಬೆಳಕು ಹರಿಯುವ ಮೊದಲೇ ಎದ್ದು ಎಳ್ಳೆಣ್ಣೆ ಕುಡಿದು, ಮೈಗೆಲ್ಲ ಎಣ್ಣೆ ತಿಕ್ಕಿಸಿಕೊಂಡು, ಮಣ್ಣಿನ ಭಾರ ಎತ್ತಿ, ಕತ್ತಿ ಬೀಸಿ, ಆ ಎಣ್ಣೆಯೆಲ್ಲ ಬೆವರಾಗಿ ಇಳಿದ ಮೇಲೆ ಪೈಲ್ವಾನನೊಬ್ಬನ ಜೊತೆ ಕುಸ್ತಿ ಆಡಿ, ಬೆಳಗಾಗುವವರೆಗೆ ಬಯಲಿನಲ್ಲಿ ಕುದುರೆ ಓಡಿಸುತ್ತಿದ್ದನಂತೆ. ಕುಡಿದ ಎಣ್ಣೆ ಮುಕ್ಕಾಲು ಪಿಂಟ್ ಎಂದಿದ್ದಾನೆ ಪಾಯೆಸ್, ಆ ಲೆಕ್ಕದಲ್ಲಿ ಎರಡು ಲೋಟವಾದರೂ ಆದೀತು. ಎಣ್ಣೆ ಶೇ. 10 ಕಡಿಮೆ ಮಾಡಲು ಅವನಿಗೆ ಯಾರೂ ಹೇಳಿರಲಿಲ್ಲ. ಅವನ ಬಳಿ ಬಯಲಿತ್ತು, ಬಿಡುವಿತ್ತು, ಪೈಲ್ವಾನನಿದ್ದ, ಕುದುರೆ ಇತ್ತು.

ಅಭ್ಯಾಸಕ್ಕೂ ಜಾಗ ಬೇಕು. ಹೊಸಪೇಟೆಯಲ್ಲಿ ಪುನೀತ್ ರಾಜ್‌ಕುಮಾರ್ ಹೆಸರಿನ ಜಿಲ್ಲಾ ಕ್ರೀಡಾಂಗಣವಿದೆ, ಆಗಾಗ ಸಮಾವೇಶದ ಪೆಂಡಾಲೂ ಅಲ್ಲೇ ಏಳುತ್ತದೆ. ಅಕ್ಕನ ಮನೆಯಿಂದ ಅಲ್ಲಿಗೆ ಹೋಗಬೇಕಾದರೆ ಒಂಬತ್ತು ವರ್ಷದ ಹುಡುಗ ಲಾರಿಗಳು ಓಡುವ ರಸ್ತೆ ದಾಟಬೇಕು. ಸಂಡೂರಿನಲ್ಲಂತೂ ಕೇಳುವುದೇ ಬೇಡ. ಅಲ್ಲಿ ಮಕ್ಕಳು ಸಂಜೆ ಹೊರಗೆ ಆಡದಿರುವುದಕ್ಕೆ ಮೊಬೈಲ್ ಕಾರಣ ಎನ್ನುವವರು ಅದಿರಿನ ಲಾರಿಗಳ ಸಾಲನ್ನು ನಿಂತು ನೋಡಿಲ್ಲ. ಗಣಿಯಿಂದ ಬಾಧಿತವಾದ ಜನರಿಗೆಂದೇ 2015ರಲ್ಲಿ ಕಾಯ್ದೆ ತಿದ್ದಿ ಜಿಲ್ಲಾ ಖನಿಜ ನಿಧಿ ಮಾಡಿದರು. ಅದರ ಮಾರ್ಗಸೂಚಿಯ ಪ್ರಕಾರ ಹೆಚ್ಚಿನ ಪಾಲು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಮಹಿಳೆ ಮತ್ತು ಮಕ್ಕಳ ಕಲ್ಯಾಣದಂಥವಕ್ಕೆ ಹೋಗಬೇಕು. ಬಳ್ಳಾರಿಯಷ್ಟು ಅದಿರು ಅಗೆದ ಜಿಲ್ಲೆಯಲ್ಲಿ ವಾರ್ಡಿಗೊಂದು ಆಡುವ ಬಯಲನ್ನು ಬೇಲಿ ಹಾಕಿ ಕಾಪಾಡಲು ದುಡ್ಡಿಲ್ಲ ಎಂದರೆ ನಾನು ನಂಬುವುದಿಲ್ಲ. ಕಟ್ಟಡಕ್ಕೆ ದುಡ್ಡು ಸಿಗುತ್ತದೆ, ಕಟ್ಟಡವಿಲ್ಲದ ಜಾಗಕ್ಕೆ ಸಿಗುವುದಿಲ್ಲ. ಬಯಲಿಗೆ ಉದ್ಘಾಟನೆಯ ಕಲ್ಲು ಎಲ್ಲಿ ನೆಡುತ್ತಾರೆ?

ಬಯಲಿದ್ದರೂ ಅದು ಎಲ್ಲರದಲ್ಲ. ಕಂಪ್ಲಿಯಲ್ಲಿ ನಾನು ಏಳನೇ ತರಗತಿಯವರೆಗೆ ಕೊಕ್ಕೊ ಆಡಿದವಳು, ತಾಲ್ಲೂಕು ಮಟ್ಟಕ್ಕೆ ಹೋಗಿ ಬಂದವಳು. ದೊಡ್ಡವಳಾದ ಮೇಲೆ ನನ್ನನ್ನು ಮೂಲೆಯಲ್ಲಿ ಕೂರಿಸಿ ಸಂಬಂಧಿಕರೆಲ್ಲ ಕೊಬ್ಬರಿ, ಬೆಲ್ಲ, ತುಪ್ಪ, ಉಂಡೆ ತಂದು ತಿನ್ನಿಸಿದರು. ಪ್ರೀತಿಯಿಂದಲೇ. ಆ ಬೆಲ್ಲವೂ ನಮ್ಮವರೇ ಕಡಿದ ಕಬ್ಬಿನದು, ಆಲೆಮನೆಯಿಂದ ಬಂದದ್ದು. ತಿನ್ನುವುದು ಹೆಚ್ಚಾಯಿತು, ಓಡುವುದು ಅಂದೇ ನಿಂತಿತು. ಮತ್ತೆ ನಾನು ಬಯಲಿಗೆ ಇಳಿದದ್ದು ಇಲ್ಲ. ಹುಡುಗಿಯರ ಬೊಜ್ಜಿನ ಬಗ್ಗೆ ಮಾತಾಡುವವರು ಅವರ ತಟ್ಟೆಯನ್ನು ಎಣಿಸುವ ಮೊದಲು ಅವರಿಂದ ಕಸಿದುಕೊಂಡ ಅಂಗಳವನ್ನು ಎಣಿಸಲಿ.

ಸಾಹಿತ್ಯದವರಾದ ನಾವೂ ಸಾಚಾಗಳಲ್ಲ. ಡುಮ್ಮಿ, ಗುಂಡ, ಡೊಳ್ಳುಹೊಟ್ಟೆ ಎಂದರೆ ಸಾಕು, ನಮ್ಮ ಹಾಸ್ಯಕ್ಕೆ ಬೇರೆ ಬಂಡವಾಳ ಬೇಡ. ನನ್ನ ಅಕ್ಕನ ಮಗನನ್ನು ಶಾಲೆಯಲ್ಲಿ ಕರೆಯುವ ಹೆಸರನ್ನು ನಾನಿಲ್ಲಿ ಬರೆಯುವುದಿಲ್ಲ. ಅದನ್ನು ಇಟ್ಟವರು ಮಕ್ಕಳಲ್ಲ, ದೊಡ್ಡವರು. ಹಾಗೆಯೇ ಕನಕದಾಸರ ರಾಮಧಾನ್ಯ ಚರಿತೆಯ ಬಗ್ಗೆ ನಾವು ವರ್ಷಕ್ಕೊಂದು ವಿಚಾರ ಸಂಕಿರಣ ಮಾಡುತ್ತೇವೆ. ಭತ್ತದೊಡನೆ ಜಗಳವಾಡಿ ಆರು ತಿಂಗಳ ಸೆರೆಯ ನಂತರವೂ ಕೆಡದೆ ಉಳಿದ ರಾಗಿ ದುಡಿಯುವವರ ಧಾನ್ಯ, ಅದರ ಗೆಲುವು ಕೆಳಗಿನವರ ಗೆಲುವು ಎಂದು ಪ್ರಬಂಧ ಓದುತ್ತೇವೆ. ಆಮೇಲೆ ಊಟಕ್ಕೆ ಹೋಗಿ ಮೈದಾದ ಪೂರಿ, ಬಿಳಿ ಅನ್ನ, ಜಾಮೂನು ತಿಂದು ಬರುತ್ತೇವೆ. ನಾನೂ ಎರಡು ಜಾಮೂನು ತಿಂದಿದ್ದೇನೆ. ತುಂಗಭದ್ರೆಯ ಕಾಲುವೆ ಬಂದು ಜೋಳದ ಹೊಲಗಳು ಭತ್ತದ ಗದ್ದೆಗಳಾದ ಸೀಮೆ ನಮ್ಮದು. ಇಲ್ಲಿ ಭತ್ತ ಯಾವತ್ತೋ ಗೆದ್ದಾಗಿದೆ.

ಹಾಗಾದರೆ ಏನು ಬೇಕು ಎಂದರೆ, ನನ್ನ ಮೊದಲ ಬೇಡಿಕೆ ಊಟದ್ದೇ. ಶಾಲೆ ಯಾರದೇ ಇರಲಿ, ಮಗು ನಮ್ಮದು. ಸರ್ಕಾರಿ ಶಾಲೆಯ ಬಿಸಿಯೂಟ, ತತ್ತಿ, ಹಾಲು ಕಡಿಮೆ ಫೀಸಿನ ಖಾಸಗಿ ಶಾಲೆಯ ಮಗುವಿಗೂ ಸಿಗಬೇಕು. ಖರ್ಚಿನಲ್ಲಿ ಒಂದು ಪಾಲನ್ನು ಶಾಲೆಯಿಂದಲೇ ವಸೂಲಿ ಮಾಡಲಿ, ಮೈದಾನವಿಲ್ಲದ ಶಾಲೆಯಿಂದ ಇನ್ನೂ ಒಂದಿಷ್ಟು ಹೆಚ್ಚು. "ಖಾಸಗಿಗೆ ಹೋದವರಿಗೆ ನಮ್ಮ ದುಡ್ಡಿನಲ್ಲಿ ಊಟವೇಕೆ, ಸರ್ಕಾರಿ ಶಾಲೆಗೆ ಬರಲಿ" ಎಂದು ನನ್ನ ಗೆಳೆಯರು ಇದಕ್ಕೂ ಸಿಟ್ಟಾಗುತ್ತಾರೆ. ಬರಲಿ, ನನಗೂ ಅದೇ ಆಸೆ. ಆದರೆ ಅವರು ಬರುವವರೆಗೆ ಆ ಮಗುವಿನ ಇನ್ಸುಲಿನ್ ಕಾಯುವುದಿಲ್ಲ. ಪಾಕೀಟಿನ ತೆರಿಗೆ, ಕಪ್ಪು ಮುದ್ರೆ, 50 ಮೀಟರ್, ಇವೆಲ್ಲ ಆಮೇಲಿನವಲ್ಲ, ಜೊತೆಯವು. ಊಟ ಕೊಟ್ಟು ಗೇಟಿನಾಚೆ ಸರ ತೂಗಲು ಬಿಟ್ಟರೆ ಗೆಲ್ಲುವುದು ಸರವೇ.

ಮನೆಯಲ್ಲಿ ನಾವೂ ಸುಮ್ಮನೆ ಕೂತಿಲ್ಲ. ಅಕ್ಕ ಬಿಸ್ಕತ್ತು ತರುವುದನ್ನು ನಿಲ್ಲಿಸಿದ್ದಾಳೆ, ರಾತ್ರಿ ಅನ್ನದ ಬದಲು ಜೋಳದ ರೊಟ್ಟಿ. ಟ್ಯೂಷನ್ ವಾರಕ್ಕೆ ಮೂರು ದಿನಕ್ಕೆ ಇಳಿದಿದೆ, ಅದಕ್ಕೆ ಭಾವನ ಜೊತೆ ದೊಡ್ಡ ಜಗಳವೇ ಆಯಿತು. ನಾನು ಹೋದ ದಿನ ಅವನನ್ನು ಕರೆದುಕೊಂಡು ಬಸವಣ್ಣ ಕಾಲುವೆಯ ದಂಡೆಯ ಮೇಲೆ ನಡೆಯುತ್ತೇನೆ. ಕತ್ತನ್ನು ಈಗ ಯಾರೂ ತಿಕ್ಕುವುದಿಲ್ಲ. ಕಪ್ಪು ಹೋಗಿಲ್ಲ, ಹೋಗಲು ತಿಂಗಳುಗಳೇ ಬೇಕಂತೆ. ಕೆಲವು ದಿನ ಅವನ ಜೇಬಿನಲ್ಲಿ ಹರಿದ ಪಾಕೀಟಿನ ಚೂರು ಸಿಗುತ್ತದೆ, ಅಕ್ಕ ನೋಡಿಯೂ ನೋಡದಂತೆ ತೆಗೆದು ಬಿಸಾಕುತ್ತಾಳೆ.

ಹೋದ ವಾರ ನಡೆಯುತ್ತ ಸರ್ಕಾರಿ ಶಾಲೆಯ ಮುಂದೆ ಬಂದಾಗ ಒಳಗೆ ಹುಡುಗರು ಕಬಡ್ಡಿ ಆಡುತ್ತಿದ್ದರು. ಇವನು ಗೇಟಿನ ಸರಳು ಹಿಡಿದು ಬಹಳ ಹೊತ್ತು ನಿಂತ. ಆಮೇಲೆ ಕೇಳಿದ: "ಚಿಕ್ಕಮ್ಮ, ಈ ಸಾಲ್ಯಾಗ ದಿನಾ ತತ್ತಿ ಕೊಡ್ತಾರಂತ ಹೌದಾ? ನಾನೂ ಇಲ್ಲಿಗೇ ಬರ್ಲಾ?"

ಮನೆಗೆ ಬಂದು ಅಕ್ಕನಿಗೆ ಹೇಳಿದೆ. ಅವಳು ಹೊಲಿಗೆ ಯಂತ್ರ ನಿಲ್ಲಿಸದೆಯೇ ಡಬ್ಬದ ಕಡೆ ಕೈ ತೋರಿಸಿದಳು. ಅದರಲ್ಲಿ ಬರುವ ವರ್ಷದ ಫೀಸಿನ ಮೊದಲ ಕಂತಿನ ರಸೀದಿ ಇತ್ತು.